ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಒಂದು

ಮೊಬೈಲು ಟಣ್ ಎಂದಾಗ ಇನ್ಸ್‌ಪೆಕ್ಟರು ಬಚ್ಚಲುಮನೆಯ ಬಾಗಿಲ ಬಳಿ ತೂಕದ ಯಂತ್ರದ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದರು. ಉಸಿರು ಹಿಡಿದರೆ ತೂಕ ಇಳಿಯುವುದಿಲ್ಲ ಎಂಬುದು ಈ ಊರಿನಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಸರ್ವೀಸು ಪೂರ್ತಿ ತೂಕ ಮತ್ತು ಅಳತೆ ಇಲಾಖೆಯಲ್ಲಿ ಕಳೆದವರು. ಅಂಗಡಿಯವರ ತಕ್ಕಡಿ, ಹಾಲಿನವರ ಲೀಟರು, ಬಟ್ಟೆಯಂಗಡಿಯ ಮೀಟರುಕಡ್ಡಿ ಎಲ್ಲವೂ ಅವರ ಕಣ್ಣ ಮುಂದೆ ಹಾದು, ಮುದ್ರೆ ಹಾಕಿಸಿಕೊಂಡು ಹೋಗಿದ್ದವು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಬೀದಿಯವರಿಗೆ ಅವರು ಇನ್ಸ್‌ಪೆಕ್ಟರೇ. ಹೊಸದಾಗಿ ಬಾಡಿಗೆಗೆ ಬಂದವರು ಪೊಲೀಸ್ ಇನ್ಸ್‌ಪೆಕ್ಟರೇ ಇರಬೇಕೆಂದು ಎದ್ದು ನಿಂತರೆ ಅವರು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಇಷ್ಟೆಲ್ಲ ಬಲ್ಲ ಮನುಷ್ಯ ಈಗ ಹೊಟ್ಟೆಯನ್ನು ಒಳಗೆಳೆದುಕೊಂಡು, ಒಂದು ಹಿಮ್ಮಡಿಯನ್ನು ಸ್ವಲ್ಪ ಎತ್ತಿ, ಮುಳ್ಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಅದು ನಿನ್ನೆ ಇದ್ದಲ್ಲೇ ಇತ್ತು.

ಕೆಳಗಿಳಿದು ಕನ್ನಡಕ ಹುಡುಕಿ ಮೊಬೈಲು ನೋಡಿದರೆ ಕೋಚಮ್ಮನ ಸಂದೇಶ. ‘ಗುಡ್ ಮಾರ್ನಿಂಗ್ ಸರ್. ಇವತ್ತು ಮಧ್ಯಾಹ್ನ ನಿಮ್ಮ ಊಟ ಆದ್ಮೇಲೆ ವಿಡಿಯೋ ಕಾಲ್ ಮಾಡ್ತೀನಿ. ನಿಮ್ಮ ತಟ್ಟೆ ಫೋಟೋಗಳ ಬಗ್ಗೆ ಸ್ವಲ್ಪ ಮಾತಾಡ್ಬೇಕಿತ್ತು. ಮೇಡಂ ಕೂಡ ಪಕ್ಕದಲ್ಲಿದ್ರೆ ಒಳ್ಳೇದು.’ ಪ್ರತಿ ಸಂದೇಶದ ಬಾಲಕ್ಕೂ ಇರುತ್ತಿದ್ದ ನಗುವ ಹಳದಿ ಮುಖ ಈ ಸಲ ಇರಲಿಲ್ಲ. ಅವರು ಮತ್ತೆ ಓದಿದರು. ಮೇಡಂ ಯಾಕೆ ಬೇಕು? ಸಿಕ್ಕಿಬಿದ್ದೆ, ಅಂದುಕೊಂಡರು. ಅಡುಗೆಮನೆಯಿಂದ ಹೆಂಡತಿ, ‘ಏನ್ರೀ, ಇಳಿದ್ರಾ? ಟೀ ಆರ್ತಾ ಇದೆ’ ಎಂದು ಕೂಗಿದಳು. ಇಳಿದ್ರಾ ಎಂದರೆ ಯಂತ್ರದಿಂದಲೋ ತೂಕದಲ್ಲೋ ಎಂದು ಯೋಚಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಶುರುವಾದದ್ದು ಪಿಂಚಣಿದಾರರ ಆಸ್ಪತ್ರೆಯಲ್ಲಿ. ರಕ್ತದ ರಿಪೋರ್ಟು ನೋಡಿದ ಡಾಕ್ಟರು, ‘ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲ ಮೇಲೆ ನಿಂತಿದೆ, ಈಗ ಹುಷಾರಾದ್ರೆ ವಾಪಸ್ ಕಳಿಸಬಹುದು’ ಎಂದು ಹೇಳಿ, ವಯಸ್ಸಾದವರಿಗೆಂದೇ ಫೋನಿನಲ್ಲಿ ನಡೆಯುವ ಒಂದು ಕಾರ್ಯಕ್ರಮಕ್ಕೆ ಅವರನ್ನು ಸೇರಿಸಿದ್ದರು. ದಿನಾ ತೂಕ ಬರೆಯಬೇಕು, ನಡೆಯಬೇಕು, ಊಟಕ್ಕೆ ಮುಂಚೆ ತಟ್ಟೆಯದೊಂದು ಫೋಟೋ, ಊಟವಾದ ಮೇಲೆ ಇನ್ನೊಂದು. ಎಲ್ಲವನ್ನೂ ಎಲ್ಲೋ ಕುಳಿತ ಒಬ್ಬಳು ಕೋಚು ನೋಡಿ ಬುದ್ಧಿ ಹೇಳುತ್ತಾಳೆ. ಆ ಹೆಣ್ಣುಮಗಳ ದನಿ ಕೇಳಿದರೆ ನಿನ್ನೆ ಮೊನ್ನೆ ಕಾಲೇಜು ಮುಗಿಸಿದಂತಿತ್ತು. ಹೆಂಡತಿ ಅವಳಿಗೆ ‘ನಿಮ್ಮ ಟೀಚರಮ್ಮ’ ಎಂದು ಹೆಸರಿಟ್ಟಳು. ಇವರು ಮನಸ್ಸಿನಲ್ಲೇ ಕೋಚಮ್ಮ ಎಂದರು. ಮೊದಲ ದಿನ ಶಿಸ್ತಾಗಿ ತಮ್ಮ ತಟ್ಟೆಯ ಫೋಟೋವನ್ನೇ ಕಳಿಸಿದ್ದರು. ಉತ್ತರ ಬಂತು: ‘ಸರ್, ಇದು ಇಬ್ಬರಿಗಾ?’ ಪಕ್ಕದಲ್ಲಿ ಹಳದಿ ಮುಖ ಹಲ್ಲು ಕಿರಿದಿತ್ತು. ಅವರು ಕಿವಿಯ ತನಕ ಕೆಂಪಾದರು. ತಾವು ಅಂಗಡಿ ಮೆಟ್ಟಿಲು ಹತ್ತಿದರೆ ಗಲ್ಲಾಪೆಟ್ಟಿಗೆಯ ಹಿಂದಿದ್ದವರು ಎದ್ದು ಕೈಯೊರೆಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಮೊಮ್ಮಗಳ ವಯಸ್ಸಿನವಳು ಅನ್ನದ ಗುಡ್ಡೆ ನೋಡಿ ನಕ್ಕಳಲ್ಲ ಎಂಬ ಉರಿಗೆ ಆ ರಾತ್ರಿಯ ಊಟವೂ ರುಚಿಸಲಿಲ್ಲ. ಹಾಗೆಂದು ಕಡಿಮೆಯೇನೂ ಉಣ್ಣಲಿಲ್ಲ.

ಮರುದಿನ ಮೊಬೈಲು ಹಿಡಿದ ಕೈ ತಾನಾಗಿಯೇ ಮೇಜಿನ ಆಚೆ ಬದಿಗೆ ಸರಿದು ಹೆಂಡತಿಯ ತಟ್ಟೆಯ ಮೇಲೆ ನಿಂತಿತು. ‘ನಿನ್ನ ಕಡೆ ಬೆಳಕು ಚೆನ್ನಾಗಿದೆ’ ಎಂದರು. ‘ಕೈ ತೆಗಿ, ನೆರಳು ಬೀಳುತ್ತೆ’ ಎಂದರು. ಅವಳು ಕೈಯನ್ನು ಮಡಿಲಿಗೆ ತೆಗೆದುಕೊಂಡಳು. ‘ಸೂಪರ್ ಸರ್! ಒಂದೇ ದಿನದಲ್ಲಿ ಎಂಥ ಬದಲಾವಣೆ!’ ಎಂದು ಕೋಚಮ್ಮ ಚಪ್ಪಾಳೆ ತಟ್ಟುವ ಕೈಗಳನ್ನು ಕಳಿಸಿದಳು. ಯಾರಾದರೂ ಅವರಿಗೆ ಚಪ್ಪಾಳೆ ತಟ್ಟಿ ಯಾವ ಕಾಲವಾಗಿತ್ತೋ. ಬೀಳ್ಕೊಡುಗೆಯ ದಿನ ತಟ್ಟಿದ್ದೇ ಕೊನೆ, ಅದೂ ಭಾಷಣ ಮುಗಿಯಲಿ ಎಂದು ತಟ್ಟಿದ್ದು. ಅಂದಿನಿಂದ ಅದೇ ರೂಢಿಯಾಯಿತು. ಅವಳು ಬಡಿಸಿಕೊಂಡು, ಕೈ ಮಡಚಿ, ಊಟ ಆರುವುದನ್ನು ನೋಡುತ್ತ ಕೂರುವುದು. ಇವರು ಫೋಟೋ ತೆಗೆಯುವುದು. ಆಮೇಲೆ ತಮ್ಮ ಗುಡ್ಡೆಗೆ ಕೈಯಿಡುವುದು. ಒಂದು ದಿನ ಕೋಚಮ್ಮ, ‘ಇನ್ನೂ ಕಮ್ಮಿ ಮಾಡಿದ್ರಲ್ಲ ಸರ್, ನೀವೇ ನಮ್ಮ ಗುಂಪಿಗೆ ಮಾದರಿ’ ಎಂದು ಬರೆದಾಗ ಅವರು ಅದನ್ನು ಹೆಂಡತಿಗೆ ಓದಿ ಹೇಳಿದರು. ನಾಚಿಕೆ ಬಿಟ್ಟವರು ಎಂದರೆ ಅವರೇ.

ಆದರೆ ತೂಕ ಮಾತ್ರ ಸುಳ್ಳು ಬರೆಯಲಾಗಲಿಲ್ಲ. ಪ್ರಯತ್ನಪಡಲಿಲ್ಲವೆಂದಲ್ಲ. ಒಂದು ಬೆಳಿಗ್ಗೆ ಒಂದು ಕಿಲೋ ಕಮ್ಮಿ ಬರೆದುಬಿಡೋಣವೆಂದು ಬೆರಳನ್ನು ಮೊಬೈಲಿನ ಮೇಲಿಟ್ಟರು, ಬೆರಳು ಅಲುಗಲಿಲ್ಲ. ಕಿಲೋ ಎಂದರೆ ಕಿಲೋ. ಅದಕ್ಕಾಗಿ ಜನರ ಜೊತೆ ಜಗಳವಾಡಿ, ಬೈಗುಳ ತಿಂದು, ಬೇಸಿಗೆಯಲ್ಲಿ ಸಂತೆ ಸಂತೆ ಸುತ್ತಿದವರು. ತಟ್ಟೆಯದು ಚಿತ್ರ, ಚಿತ್ರಕ್ಕೇನು, ಎಂದು ಮನಸ್ಸು ಒಂದು ಸಂದು ಹುಡುಕಿಕೊಂಡಿತ್ತು. ಆಗಲೇ ಒಬ್ಬ ಧಾನ್ಯದ ವ್ಯಾಪಾರಿ ನೆನಪಾಗುತ್ತಿದ್ದ. ದುಂಡು ಮುಖ, ಸದಾ ನಗು. ಅವನ ಅಂಗಡಿಯಲ್ಲಿ ಎರಡು ಜೊತೆ ತೂಕದ ಕಲ್ಲುಗಳಿದ್ದವು: ಮುದ್ರೆ ಹೊಳೆಯುವ ಜೊತೆ ಇನ್ಸ್‌ಪೆಕ್ಟರು ಬಂದಾಗ ಮೇಲೆ ಬರುತ್ತಿತ್ತು, ತಳ ಕೊರೆದು ಅರಗು ತುಂಬಿದ್ದು ಗಿರಾಕಿಗಳಿಗೆ. ಅದನ್ನು ಮೂಟೆಗಳ ಸಂದಿಯಿಂದ ಎಳೆದು ಹಾಕಿದ ದಿನ, ಬೀದಿ ಕೇಳುವಂತೆ ಅವರು ಕೂಗಾಡಿದ್ದರು: ‘ತೋರ್ಸೋಕೊಂದು, ತೂಗೋಕೊಂದಾ? ಮಾನ ಮರ್ಯಾದೆ ಇದ್ಯೇನಯ್ಯಾ?’ ವ್ಯಾಪಾರಿಯ ಹೆಂಡತಿ ಒಳಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಆ ಹೆಂಗಸಿನ ಮುಖ ಇಷ್ಟು ವರ್ಷ ನೆನಪಿಗೆ ಬಂದಿರಲಿಲ್ಲ. ಈಗ ದಿನಾ ಊಟದ ಹೊತ್ತಿಗೆ ಬರುತ್ತಿತ್ತು.

ಟೀಗೆ ಕುಳಿತರು. ಹೆಂಡತಿ ಬ್ರೆಡ್ಡಿನ ಅಂಚು ಕಿತ್ತು ಬದಿಗಿಟ್ಟು, ಮೆತ್ತನೆಯದನ್ನು ಟೀಯಲ್ಲಿ ಅದ್ದಿ ನಿಧಾನವಾಗಿ ಬಾಯಿಗಿಡುತ್ತಿದ್ದಳು. ಅವರು ಅದನ್ನು ನೋಡಿದರು, ನೋಡಲಿಲ್ಲ ಕೂಡ. ಕೋಚಮ್ಮನಿಗೆ ಹೇಳಬೇಕಾದ್ದನ್ನು ಹೊಂದಿಸಿಕೊಳ್ಳುವುದರಲ್ಲೇ ಇದ್ದರು. ‘ಇವತ್ತು ಮಧ್ಯಾಹ್ನ ಮಗಳ ಮನೆಗೆ ಹೋಗಿ ಬಾರೇ. ಹೋಗಿ ಎಷ್ಟು ದಿನ ಆಯ್ತು’ ಎಂದರು.

‘ಮೊನ್ನೆ ತಾನೆ ಬಂದಿದ್ಲಲ್ರೀ ಅವಳು.’

‘ಬಂದಿದ್ರೇನಾಯ್ತು? ನೀನೂ ಹೋಗ್ಬೇಕಪ್ಪ.’

ಅವಳು ಟೀ ಲೋಟದ ಮೇಲಿಂದ ಅವರನ್ನು ನೋಡಿದಳು. ‘ಯಾಕೆ, ಟೀಚರಮ್ಮ ಬೈತೀನಿ ಅಂದ್ರಾ?’

‘ನನ್ನ ಯಾಕೆ ಬೈತಾಳೆ? ನಾನೇನು ಕಳ್ಳತನ ಮಾಡಿದೀನಾ?’ ಎಂದು ರೇಗಿ, ವಾಕಿಂಗ್ ಬೂಟು ಮೆಟ್ಟಿಕೊಂಡು ಹೊರಬಿದ್ದರು. ಮೆಟ್ಟಿಲಿಳಿಯುವಾಗ ನೆನಪಾಯಿತು, ಅವಳು ಈಚೆಗೆ ಕೈಬಳೆಗಳನ್ನು ಮೊಣಕೈ ತನಕ ಸರಿಸಿಕೊಂಡು ಪಾತ್ರೆ ತೊಳೆಯುತ್ತಾಳೆ; ಮುಂಚೆ ಅವು ಅಷ್ಟು ಮೇಲೆ ಹತ್ತುತ್ತಿರಲಿಲ್ಲ. ವಯಸ್ಸಾಯಿತಲ್ಲ, ಅಂದುಕೊಂಡರು. ತಮಗೂ ಆಯಿತು, ತಮ್ಮ ಉಂಗುರ ಮಾತ್ರ ಸೋಪು ಹಚ್ಚಿದರೂ ಬರುವುದಿಲ್ಲ. ರಸ್ತೆಯ ತಿರುವಿನಲ್ಲಿ ಬೇಕರಿ. ನಡಿಗೆಗೆಂದು ಹೊರಟ ಕಾಲು ದಿನಾ ಅಲ್ಲೇ ಬಂದು ನಿಲ್ಲುತ್ತಿತ್ತು. ಇಂದು ಗಾಬರಿ ಬೇರೆ. ಗಾಬರಿಯಾದಾಗ ಅವರಿಗೆ ಸಿಹಿ ಬೇಕು. ಕೆನೆ ಬನ್ನು ತೆಗೆದುಕೊಂಡು ಗಾಜಿನ ಪೆಟ್ಟಿಗೆಗೆ ಬೆನ್ನು ಮಾಡಿ ನಿಂತು ತಿನ್ನುತ್ತಿರುವಾಗ ಬೇಕರಿಯವನು, ‘ಇನ್ಸ್‌ಪೆಕ್ಟ್ರೇ, ಶುಗರ್ ಬಾರ್ಡರ್ ಅಂದಿದ್ರಲ್ಲ ಆವತ್ತು?’ ಎಂದ. ‘ಬಾರ್ಡರ್ ಕಣಯ್ಯಾ, ಇನ್ನೂ ದಾಟಿಲ್ಲ’ ಎಂದರು ಇವರು. ಅಲ್ಲಿ ಕಾಫಿ ಕುಡಿಯುತ್ತಿದ್ದವರು ನಕ್ಕರು. ಅವರೂ ನಕ್ಕರು. ಕೆನೆ ಮೀಸೆಗೆ ಅಂಟಿದ್ದು ಮನೆಗೆ ಬಂದು ಕನ್ನಡಿ ನೋಡಿದಾಗಲೇ ತಿಳಿದದ್ದು.

ಮಧ್ಯಾಹ್ನದ ಊಟಕ್ಕೆ ಅನ್ನ, ಬೇಳೆ, ಬೀನ್ಸು, ಹೆಚ್ಚಿದ ಸೌತೆಕಾಯಿ. ಹೆಂಡತಿ ಬಡಿಸಿಕೊಂಡು, ಅಭ್ಯಾಸದಂತೆ ಕೈಗಳನ್ನು ಮಡಿಲಿಗೆ ತೆಗೆದುಕೊಂಡು ಕುಳಿತಳು. ಇವತ್ತಾದರೂ ನನ್ನದನ್ನೇ ತೆಗೆದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಈಗ ತೆಗೆದರೆ ಇಷ್ಟು ದಿನದ್ದು ಏನಾಗಬೇಕು? ಅವಳದ್ದನ್ನೇ ತೆಗೆದರು. ಊಟವಾದ ಮೇಲಿನದನ್ನೂ ತೆಗೆದರು. ಕೈ ತೊಳೆದು ಬರುವಷ್ಟರಲ್ಲಿ ಮೊಬೈಲು ಕೂಗತೊಡಗಿತು. ಹೆಂಡತಿ ಅದನ್ನು ನೀರಿನ ಹೂಜಿಗೆ ಒರಗಿಸಿ ನಿಲ್ಲಿಸಿ, ತಾನೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ತೆರೆಯ ಮೇಲೆ ಅವಳ ಅರ್ಧ ಭುಜ ಮಾತ್ರ ಕಾಣುತ್ತಿತ್ತು.

ಕೋಚಮ್ಮನ ಮುಖವನ್ನು ಅವರು ನೋಡಿದ್ದು ಕಡಿಮೆ. ತಲೆಗೆ ಹೆಡ್‌ಫೋನು, ಕಣ್ಣ ಕೆಳಗೆ ನಿದ್ದೆಯಿಲ್ಲದ ಕಪ್ಪು. ಅವಳ ಹಿಂದೆ ಸಾಲಾಗಿ ಇನ್ನೂ ಎಷ್ಟೋ ಮಂದಿ ಕುಳಿತು ಯಾರ್‍ಯಾರದೋ ತಟ್ಟೆಗಳ ಬಗ್ಗೆ ಮಾತಾಡುತ್ತಿರುವ ಗಿಜಿಗಿಜಿ. ‘ಸರ್, ಊಟ ಆಯ್ತಾ? ಮೇಡಂ, ನಿಮ್ದು?’ ಎಂದು ಕೇಳಿ, ಗಂಟಲು ಸರಿಮಾಡಿಕೊಂಡಳು. ‘ಸರ್, ನೀವು ಕಳಿಸಿದ್ದನ್ನ ನಾನು ದಿನಾ ಒಂದೊಂದೇ ನೋಡ್ತಿದ್ದೆ. ನಿನ್ನೆ ಎಲ್ಲಾನೂ ಒಟ್ಟಿಗೆ ಹರಡ್ಕೊಂಡು ನೋಡ್ದೆ. ನೀವೂ ಸ್ವಲ್ಪ ನೋಡಿ.’ ತೆರೆಯ ತುಂಬ ಚಿಕ್ಕ ಚಿಕ್ಕ ತಟ್ಟೆಗಳು ಬಂದವು. ಊಟಕ್ಕೆ ಮುಂಚಿನದೊಂದು, ಪಕ್ಕದಲ್ಲೇ ಊಟವಾದ ಮೇಲಿನದು. ಇನ್ಸ್‌ಪೆಕ್ಟರು ಕನ್ನಡಕ ಏರಿಸಿಕೊಂಡರು. ತಾವೇ ತೆಗೆದ ಚಿತ್ರಗಳು. ಒಂದನ್ನೂ ಅವರು ಇದುವರೆಗೆ ನೋಡಿರಲಿಲ್ಲ. ‘ಮೊದಮೊದಲು ಎಲ್ಲಾ ಖಾಲಿ ಆಗಿದೆ ನೋಡಿ. ಆಮೇಲೆ ಸೌತೆಕಾಯಿ ಹಾಗೇ ಉಳಿದಿದೆ. ಆಮೇಲೆ ಬೀನ್ಸು. ಬ್ರೆಡ್ ಅಂಚು. ಈ ವಾರ ಅಂತೂ ಬೇಳೆ, ಸ್ವಲ್ಪ ಅನ್ನ, ಅಷ್ಟೇ. ಅದೂ ಕಿವುಚಿದ ಹಾಗಿದೆ. ಇದು ಡಯಟ್ ಅಲ್ಲ ಸರ್. ಅಗಿಯೋಕೆ ಆಗ್ದೇ ಇರೋರ ತಟ್ಟೆ ಇದು. ಆದ್ರೆ ನಿಮ್ಮ ತೂಕ ಹಾಗೇ ಇದೆ, ಅದೊಂದು ನಂಗೆ ತಾಳೆ ಆಗ್ತಿಲ್ಲ. ಬಾಯಲ್ಲಿ ಹಲ್ಲು ನೋವು, ಹುಣ್ಣು, ಏನಾದ್ರೂ ಇದ್ಯಾ ಸರ್?’

ಪಕ್ಕದಲ್ಲಿ ಹೆಂಡತಿ ಅಲುಗದೆ ಕುಳಿತಿದ್ದಳು. ಅವಳ ಕೈ ಮೆಲ್ಲಗೆ ಎಡಗೆನ್ನೆಗೆ ಹೋಗಿ, ಅವರು ನೋಡುತ್ತಿರುವುದು ತಿಳಿದು ಕೆಳಗಿಳಿಯಿತು. ಅವಳ ಅಕ್ಕನಿಗೆ ಶುರುವಾಗಿದ್ದು ಹೀಗೆಯೇ, ಬಾಯಲ್ಲೊಂದು ಸಣ್ಣ ಹುಣ್ಣು, ಹೋಗುತ್ತೆ ಬಿಡಿ ಎಂದಿದ್ದಳು ಆಕೆ. ಕೊನೆಗೆ ಹೆಂಡತಿ ಆಸ್ಪತ್ರೆಯಲ್ಲಿ ಚಮಚದಲ್ಲಿ ಗಂಜಿ ಹನಿಸುತ್ತ ಕೂತಿದ್ದು, ಆಕೆ ನುಂಗಲಾರದೆ ಗೋಡೆಯ ಕಡೆ ತಿರುಗಿಕೊಂಡಿದ್ದು, ತಾವು ಕಿಟಕಿಯ ಬಳಿ ನಿಂತು ಹೊರಗೆ ಗಾಡಿಗಳನ್ನು ನೋಡಿದ್ದು. ಆಗಲೂ ನೋಡಲಿಲ್ಲ ತಾವು. ನೋಡುವುದೇ ಕೆಲಸವಾಗಿದ್ದ ಮನುಷ್ಯ ಮನೆಯಲ್ಲಿ ಯಾವುದನ್ನೂ ನೋಡಲಿಲ್ಲ. ಅವಳು ಕಡಿಯಲಾರದೆ ಬಿಟ್ಟ ಒಂದೊಂದು ಬೀನ್ಸಿಗೂ ತಾವು ಚಪ್ಪಾಳೆ ಗಿಟ್ಟಿಸಿಕೊಂಡರಲ್ಲ. ಅಯ್ಯೋ ದೇವರೇ.

‘ಹೌದಮ್ಮ, ಅವ್ರಿಗೆ ಹಲ್ಲು ನೋವು’ ಎಂದಳು ಹೆಂಡತಿ, ಮೊಬೈಲಿನ ಕಡೆ ಬಾಗಿ. ‘ಡಾಕ್ಟ್ರ ಹತ್ರ ಹೋಗಿ ಅಂತ ಬಡ್ಕೊಂಡೆ. ಹೇಳಿದ್ರೆ ಕೇಳೋ ಜನವೇ ಅಲ್ಲ. ನಾನು ಕಳಿಸ್ತೀನಿ ಬಿಡಿ, ನೀವು ಯೋಚ್ನೆ ಮಾಡ್ಬೇಡಿ.’

ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಅವರಿಗೆ ಈಗ ತಲೆ ಆಡಿಸಿದರೆ ಸಾಕಿತ್ತು. ಹೌದಮ್ಮ, ಹಲ್ಲು ನೋವು, ತೋರಿಸ್ತೀನಿ. ಮಾದರಿ ಸರ್ ಮಾದರಿಯಾಗಿಯೇ ಉಳಿಯುತ್ತಿದ್ದರು, ಕರೆ ಮುಗಿಯುತ್ತಿತ್ತು, ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅವಳು ಅವರ ಕಡೆ ತಿರುಗಿ ಕಣ್ಣಲ್ಲೇ ಹೂಂ ಅನ್ನಿ ಎಂದಳು. ಆ ಕಣ್ಣಲ್ಲಿ ಅವರ ಮೇಲಿನ ಕರುಣೆಯಷ್ಟೇ ಇರಲಿಲ್ಲ, ಬೇಡಿಕೊಳ್ಳುವಿಕೆಯೂ ಇತ್ತು. ಅವಳಿಗೂ ಭಯ. ಗೊತ್ತಾಗುವುದೇ ಬೇಡ ಎಂಬ ಭಯ.

‘ತಟ್ಟೆ ನಂದಲ್ಲಮ್ಮ’ ಎಂದರು ಇನ್ಸ್‌ಪೆಕ್ಟರು.

‘ಏನ್ ಸರ್? ಕೇಳಿಸ್ಲಿಲ್ಲ.’

‘ಆ ತಟ್ಟೆ ನಂದಲ್ಲ ಅಂದೆ. ಮೊದಲನೇ ದಿನದ್ದು ಬಿಟ್ರೆ ಒಂದೂ ನಂದಲ್ಲ. ಎಲ್ಲಾ ಇವಳದ್ದು. ನಾನು ತಿನ್ನೋದು ಆವತ್ತಿನ ಥರಾನೇ, ಇಬ್ಬರಿಗಾ ಅಂತ ಕೇಳಿದ್ರಲ್ಲ, ಅಷ್ಟು. ವಾಕಿಂಗ್ ಹೋಗಿ ಬನ್ ತಿಂದು ಬರ್ತೀನಿ. ನೋವಿರೋದು ಇವಳಿಗೆ.’ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನಂಗೆ ಗೊತ್ತೇ ಇರ್ಲಿಲ್ಲಮ್ಮ.’

ಕೋಚಮ್ಮ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಅವಳ ಹಿಂದೆ ಯಾರೋ ಯಾರಿಗೋ ಉಪ್ಪು ಕಮ್ಮಿ ಮಾಡಿ ಎನ್ನುತ್ತಿದ್ದರು. ‘ಅಂದ್ರೆ ನಾನು ಇಷ್ಟು ದಿನ ಅಮ್ಮನ ಊಟ ಕಮ್ಮಿ ಆಗೋದಕ್ಕೆ ಸೂಪರ್ ಅಂತಿದ್ನಾ ಸರ್?’ ಎಂದಳು. ದನಿಯಲ್ಲಿ ಬೈಗುಳಕ್ಕಿಂತ ಕೆಟ್ಟದಾದ ಒಂದು ನೋವಿತ್ತು. ಇನ್ಸ್‌ಪೆಕ್ಟರು ತಲೆ ಎತ್ತಲಿಲ್ಲ. ‘ಇರ್ಲಿ, ಅದು ಆಮೇಲೆ. ಅಮ್ಮಾ, ಸ್ವಲ್ಪ ಮುಂದೆ ಬನ್ನಿ, ಮುಖ ಕಾಣ್ತಿಲ್ಲ. ಎಷ್ಟು ದಿನದಿಂದ ಇದೆ?’

‘ಇದೆ, ಸುಮಾರು ದಿನದಿಂದ. ಅಂಥಾದ್ದೇನಿಲ್ಲ.’

‘ಹುಣ್ಣಾ?’

‘ಹೂಂ.’ ಒಂದು ಮಗು ತಪ್ಪು ಒಪ್ಪಿಕೊಂಡಷ್ಟು ಮೆಲ್ಲಗೆ ಹೇಳಿದಳು. ‘ನಾಲಿಗೆ ಪಕ್ಕ.’

‘ನಾನು ಡಾಕ್ಟ್ರಲ್ಲ ಅಮ್ಮ, ಏನೂ ಹೇಳೋಕಾಗಲ್ಲ. ಆದ್ರೆ ಇವತ್ತೇ ತೋರಿಸಿ, ನಾಳೆ ಅನ್ಬೇಡಿ. ಸರ್, ಕರ್ಕೊಂಡು ಹೋಗಿ. ಹತ್ರ ಇದ್ರೆ ನಡ್ಕೊಂಡೇ ಹೋಗಿ, ನಿಮ್ಮ ವಾಕಿಂಗೂ ಆಗುತ್ತೆ. ದಾರೀಲಿ ಬನ್ ಬೇಡ.’

ಕರೆ ಮುಗಿದ ಮೇಲೆ ಇಬ್ಬರೂ ಎಂಜಲು ತಟ್ಟೆಗಳ ಮುಂದೆ ಕುಳಿತಿದ್ದರು. ‘ಗೊತ್ತಿತ್ತಾ ನಿಂಗೆ, ಫೋಟೋ ವಿಷಯ?’ ಎಂದು ಅವರು ಕೇಳಿದರು. ಎಂಥ ಹೊತ್ತಿನಲ್ಲಿ ಎಂಥ ಪ್ರಶ್ನೆ. ‘ನಾನೇನು ಕಣ್ಣು ಮುಚ್ಕೊಂಡು ಉಣ್ತಿದ್ನಾ?’ ಎಂದಳು ಅವಳು. ‘ಶಭಾಷ್ ಅಂತ ಬಂದಾಗ ನಿಮ್ಮ ಮುಖ ಹಿಗ್ಗಿ ಹೀರೇಕಾಯಿ ಆಗ್ತಿತ್ತು. ಹಾಳಾಗ್ಹೋಗ್ಲಿ, ಯಾಕೆ ಕೆಡಿಸ್ಲಿ ಅಂತ ಸುಮ್ನಿದ್ದೆ.’ ಅವರಿಗೆ ರೇಗಿತು. ತಮ್ಮ ಮೇಲಿನ ಸಿಟ್ಟು ಅವಳ ಮೇಲೆ ತಿರುಗಿತು. ‘ಫೋಟೋ ಮನೆ ಹಾಳಾಗ! ಹುಣ್ಣಿನ ವಿಷಯ ಹೇಳೋಕೇನಾಗಿತ್ತೇ ನಿಂಗೆ? ಅಕ್ಕನ್ನ ನೋಡಿದೀಯ, ಆದ್ರೂ!’ ಅವಳು ತಟ್ಟೆಯಲ್ಲಿ ಉಳಿದ ಬೀನ್ಸನ್ನು ಬೆರಳಿನಿಂದ ಒಂದು ಬದಿಗೆ ದೂಡುತ್ತಿದ್ದಳು. ‘ಅಕ್ಕನ್ನ ನೋಡಿದೀನಿ, ಅದಕ್ಕೇ ಹೇಳ್ಲಿಲ್ಲ. ಹೇಳಿದ್ರೆ ನಿಜ ಆಗ್ಬಿಡುತ್ತೆ ಅನ್ನಿಸ್ತು’ ಎಂದಳು. ಆಮೇಲೆ, ಇನ್ನೂ ಮೆಲ್ಲಗೆ, ‘ನೀವಾಗಿ ಕೇಳ್ತೀರೇನೋ ಅಂತಾನೂ ಕಾದೆ’ ಎಂದಳು. ಅವರು ಎದ್ದು ಅವಳ ಚಪ್ಪಲಿಯನ್ನು ಬಾಗಿಲ ಬಳಿ ತಂದಿಟ್ಟರು.

ದಾರಿಯುದ್ದಕ್ಕೂ ಬಿಸಿಲು. ಅವಳು ಒಂದು ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ಅವರು ನಿಂತರೆ ಅವಳೂ ನಿಲ್ಲುತ್ತಿದ್ದಳು. ಕೊನೆಗೆ ಅವರೇ ಹಿಂದಕ್ಕೆ ಬಂದು ಜೊತೆಗೆ ನಡೆದರು. ಇವಳಿಲ್ಲದ ಮನೆಯನ್ನು ಮನಸ್ಸು ಆಗಲೇ ಕಟ್ಟತೊಡಗಿತ್ತು, ಬೇಡವೆಂದರೂ ಕೇಳಲಿಲ್ಲ: ಟೀ ಆರ್ತಾ ಇದೆ ಎನ್ನುವವರಿಲ್ಲ, ಮೇಜಿನ ಆಚೆ ಬದಿಯ ಕುರ್ಚಿಗೆ ಒಗೆದ ಬಟ್ಟೆ ರಾಶಿ ಬಿದ್ದಿದೆ, ತಾವು ನಿಂತುಕೊಂಡೇ ಪಾತ್ರೆಯಿಂದ ಅನ್ನ ತಿನ್ನುತ್ತಿದ್ದಾರೆ, ಎಷ್ಟು ಬೇಕಾದರೂ ತಿನ್ನಲಿ, ಕೇಳುವವರಾರು. ಹಲ್ಲಿನ ಡಾಕ್ಟರ ಕೋಣೆ ಹೊರಗಿನ ಬೆಂಚಿನಲ್ಲಿ ಕುಳಿತಾಗ ಅವರು ಮಂಡಿ ಕುಣಿಸುತ್ತಿದ್ದರು. ಹೆಂಡತಿ ಅದರ ಮೇಲೆ ಕೈಯಿಟ್ಟು, ‘ಬಾಯಿ ತೋರ್ಸೋಳು ನಾನು ಕಣ್ರೀ’ ಎಂದಳು.

ಹಲ್ಲಿನ ಡಾಕ್ಟರು ಅವಳಷ್ಟೇ ವಯಸ್ಸಿನ ಹೆಂಗಸು. ಹೆಚ್ಚು ಮಾತಿಲ್ಲ. ಕೈಗವಸು ಹಾಕಿಕೊಂಡು, ದೀಪ ಎಳೆದು, ನಾಲಿಗೆಯನ್ನು ಬಟ್ಟೆಯ ತುಂಡಿನಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿ ನೋಡಿದರು, ಬೆರಳಿನಿಂದ ಒತ್ತಿದರು, ಗದ್ದದ ಕೆಳಗೆ, ಕತ್ತಿನ ಎರಡೂ ಬದಿಗೆ ತಡವಿದರು. ಇನ್ಸ್‌ಪೆಕ್ಟರು ಗೋಡೆಗೊರಗಿ ಆ ಬೆರಳುಗಳನ್ನೇ ನೋಡುತ್ತಿದ್ದರು. ತಾವು ಕಲ್ಲನ್ನು ಮಗುಚಿ ತಳ ನೋಡುತ್ತಿದ್ದಾಗ ಅಂಗಡಿಯವರಿಗೆ ಹೀಗೆಯೇ ಆಗುತ್ತಿತ್ತೇನೋ. ‘ಹಿಂದಿನ ಹಲ್ಲು ಮುರಿದಿದೆ’ ಎಂದರು ಡಾಕ್ಟರು. ‘ಅದರ ಚೂಪು ಇಲ್ಲಿ ಗೀಚಿ ಗೀಚಿ ಗಾಯ ಮಾಡಿದೆ. ಗಾಯ ಮಾಯೋಕೆ ಬಿಡ್ತಾನೇ ಇಲ್ಲ ಅದು. ಮುಟ್ಟಿದ್ರೆ ಮೆತ್ತಗಿದೆ, ಕತ್ತಲ್ಲಿ ಗಂಟಿಲ್ಲ. ಹಲ್ಲು ತೆಗ್ದುಬಿಡ್ತೀನಿ. ಎರಡು ವಾರದಲ್ಲಿ ಹುಣ್ಣು ಪೂರ್ತಿ ಮಾಯಬೇಕು. ಮಾಯ್ಲಿಲ್ಲ ಅಂದ್ರೆ ಆಗ ಒಂದು ಚೂರು ತೆಗ್ದು ಪರೀಕ್ಷೆಗೆ ಕಳ್ಸೋಣ. ನಂಗೇನೋ ಹಾಗೆ ಅನ್ನಿಸ್ತಿಲ್ಲ. ಆದ್ರೂ ಮಾಯಿದ ಮೇಲೇ ಮಾತು.’ ಇನ್ಸ್‌ಪೆಕ್ಟರಿಗೆ ಆ ಕೊನೆಯ ಮಾತು ಹಿಡಿಸಿತು. ಅಳೆದ ಮೇಲೇ ಮುದ್ರೆ ಒತ್ತುವವರ ಮಾತು ಅದು. ಅರ್ಧ ಭಾರ ಅಲ್ಲೇ ಇಳಿಯಿತು. ಅಲ್ಲೇ ಗೋಡೆ ಹಿಡಿದು ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು. ಡಾಕ್ಟರು ಅವರಿಗೇ ಮೊದಲು ನೀರು ಕೊಡಿಸಬೇಕಾಯಿತು.

ಆ ಎರಡು ವಾರ ಅವರು ಹೇಗೆ ಕಳೆದರೋ. ಬೆಳಗಾದರೆ ಅವಳನ್ನು ಕಿಟಕಿಯ ಬಳಿ ಕೂರಿಸಿ, ಮೊಬೈಲಿನ ಟಾರ್ಚು ಹಾಕಿ, ‘ಆ ಅನ್ನು’ ಎನ್ನುವುದು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಬಾಯೊಳಗೆ ಅವರು ನೋಡಿದ್ದೇ ಇಲ್ಲ. ಯಾವ ಹಲ್ಲಿಗೆ ಬೆಳ್ಳಿ ತುಂಬಿಸಿದ್ದಾಳೆ, ಯಾವುದಿಲ್ಲ, ನಾಲಿಗೆಯ ತುದಿಯಲ್ಲಿ ಒಂದು ಕಪ್ಪು ಮಚ್ಚೆಯಿದೆ ಎಂದೆಲ್ಲ ತಿಳಿದದ್ದು ಆಗ. ‘ನಾಲಿಗೆ ಮೇಲೆ ಮಚ್ಚೆ ಇದ್ಯಲ್ಲೇ!’ ಎಂದರೆ ಅವಳು ಬಾಯಿ ಮುಚ್ಚಿ, ‘ಅದಕ್ಕೇ ನಾನಂದಿದ್ದೆಲ್ಲ ಆಗೋದು, ಹುಷಾರಾಗಿರಿ’ ಎಂದಳು. ಹುಣ್ಣು ಮೊದಲು ಬೇಳೆಯಷ್ಟಿತ್ತು. ಒಂದು ದಿನ ಕಡಿಮೆಯಾದಂತೆ ಕಾಣುವುದು, ಮರುದಿನ ಬೆಳಕು ಬೇರೆಯಿದ್ದರೆ ಹೆಚ್ಚಾದಂತೆ ಕಾಣುವುದು. ಆ ದಿನವಿಡೀ ಅವರ ಮುಖದಲ್ಲಿ ಕಳೆಯೇ ಇರುತ್ತಿರಲಿಲ್ಲ. ಅವಳಿಗೆಂದು ತರಕಾರಿಯನ್ನು ತಾವೇ ಬೇಯಿಸಿ ಕಿವುಚಿ ಕೊಡುತ್ತಿದ್ದರು. ಉಳಿದದ್ದನ್ನು ತಾವು ತಿನ್ನುತ್ತಿದ್ದರು. ಭಯಕ್ಕೋ ಏನೋ ಅನ್ನ ಸೇರುತ್ತಿರಲಿಲ್ಲ. ಕೋಚಮ್ಮನಿಗೆ ಈಗ ಅವರ ತಟ್ಟೆಯೇ ಹೋಗುತ್ತಿತ್ತು, ಚೆಲ್ಲಿದ್ದು ಸಿಡಿದದ್ದು ಸಮೇತ. ಅವಳು ಚಪ್ಪಾಳೆ ಕಳಿಸುವುದನ್ನು ನಿಲ್ಲಿಸಿದ್ದಳು. ‘ತರಕಾರಿ ಜಾಸ್ತಿ ಆಗಿದೆ, ಒಳ್ಳೇದು. ಅನ್ನ ಇನ್ನೊಂಚೂರು ಕಮ್ಮಿ ಮಾಡ್ಬಹುದು’ ಎಂದಷ್ಟೇ ಬರೆಯುತ್ತಿದ್ದಳು. ಕೆಳಗೆ ಪ್ರತಿ ದಿನ, ‘ಅಮ್ಮನ ಬಾಯಿ ಹೇಗಿದೆ?’ ಬನ್ನಿನ ವಿಷಯ ಕೇಳಿದರೆ ನಿಜವನ್ನೇ ಬರೆಯುತ್ತಿದ್ದರು: ಬೇಕರಿಯ ಮುಂದೆ ಹಾಯ್ದೆ, ನೋಡಿದೆ, ತಿನ್ನಲಿಲ್ಲ. ಒಮ್ಮೆ, ತಿಂದೆ. ತೂಕದ ಮುಳ್ಳು ಯಾವಾಗಲೋ ಒಂದು ಗೆರೆ ಇಳಿದಿತ್ತು. ಅದನ್ನು ಬರೆದು ಕಳಿಸಿ, ಹಾಗೇ ಮರೆತು, ಹೆಂಡತಿಯನ್ನು ಕಿಟಕಿಗೆ ಕರೆದಿದ್ದರು.

ಡಾಕ್ಟರು ಬರಹೇಳಿದ ದಿನ ಬೆಳಿಗ್ಗೆ ಅವಳು ಬಾಯಿ ತೆರೆದಾಗ ಅವರಿಗೆ ಏನೂ ಕಾಣಲಿಲ್ಲ. ಟಾರ್ಚು ಆ ಕಡೆ ಈ ಕಡೆ ಹೊರಳಿಸಿದರು. ‘ಎಡಗಡೆ ತಾನೇ?’ ಎಂದರು. ಅವಳು ಬಾಯಿ ತೆರೆದುಕೊಂಡೇ ಆಂ ಆಂ ಎಂದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನಸುಗೆಂಪು, ನುಣುಪು, ಅಷ್ಟೇ. ‘ಇಲ್ವಲ್ಲೇ’ ಎಂದರು. ‘ಸರಿಯಾಗಿ ನೋಡ್ರೀ, ನಿಮ್ಮ ಕಣ್ಣು ನಂಬೋಕಾಗಲ್ಲ’ ಎಂದಳು. ಮತ್ತೆ ನೋಡಿದರು, ಆದರೆ ಈ ಸಲ ಕಣ್ಣು ಮಂಜಾಗಿ ಹಲ್ಲು ಯಾವುದು ನಾಲಿಗೆ ಯಾವುದು ತಿಳಿಯಲಿಲ್ಲ. ಡಾಕ್ಟರ ಬಳಿ ಹೋದಾಗ ಅವರು ಮಾತ್ರ ನಿಧಾನವಾಗಿ ನೋಡಿ, ಒತ್ತಿ, ಕತ್ತು ತಡವಿ, ಕೈಗವಸು ಕಳಚಿದರು. ‘ಪೂರ್ತಿ ಮಾಯಿದೆ. ಏನೂ ಇಲ್ಲ. ಇನ್ನು ಮನಸ್ಸಿಗೆ ಬಂದಿದ್ದು ತಿನ್ನಿ’ ಎಂದು ಅವಳಿಗೆ ಹೇಳಿ, ಇವರ ಕಡೆ ತಿರುಗಿ, ‘ನೀವಲ್ಲ’ ಎಂದರು. ಯಾರು ಹೇಳಿದ್ದರೋ ಏನೋ.

ಹೊರಗೆ ಬಂದರೆ ರಸ್ತೆ ಮಾಮೂಲಿನ ಹಾಗೇ ಇತ್ತು, ಗಾಡಿಗಳು, ಧೂಳು, ಯಾರೋ ಯಾರನ್ನೋ ಬೈಯುತ್ತಿದ್ದರು. ಇನ್ಸ್‌ಪೆಕ್ಟರಿಗೆ ಆ ಬೈಯುವವರನ್ನು ಹೋಗಿ ತಬ್ಬಿಕೊಳ್ಳೋಣವೆನ್ನಿಸಿತು. ಹೆಂಡತಿ ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟಳು. ‘ಹಸಿವು ಕಣ್ರೀ’ ಎಂದಳು, ತನಗೇ ಆಶ್ಚರ್ಯವಾದಂತೆ. ‘ಜೀವ ಹೋಗೋ ಅಷ್ಟು ಹಸಿವು.’

ಈ ಮಾತನ್ನು ಅವಳ ಬಾಯಲ್ಲಿ ಅವರು ಎಂದೂ ಕೇಳಿರಲಿಲ್ಲ. ಹಸಿವಾಯಿತು ಎನ್ನುತ್ತಿದ್ದುದು ತಾವು, ಬಡಿಸಲಾ ಎನ್ನುತ್ತಿದ್ದುದು ಅವಳು. ಮನೆಯಲ್ಲಿ ಆ ಮಾತು ಯಾವಾಗಲೂ ಒಂದೇ ದಿಕ್ಕಿಗೆ ಹೋಗುತ್ತಿತ್ತು. ‘ಏನು ತಿಂತೀಯೆ? ಏನು ಬೇಕು ಹೇಳು’ ಎಂದರು. ಅವಳಿಗೆ ಏನಿಷ್ಟವೆಂದು ತಮಗೆ ಗೊತ್ತಿಲ್ಲವೆಂಬುದು ಹೇಳಿದ ಮೇಲೆ ಹೊಳೆಯಿತು.

‘ಗಟ್ಟಿಯಾಗಿರೋದು ಏನಾದ್ರೂ’ ಎಂದಳು. ‘ಕಟುಂ ಅಂತ ಕಡೀಬೇಕು.’

ರಸ್ತೆಯಾಚೆ ಒಬ್ಬ ತಳ್ಳುಗಾಡಿಯ ಮೇಲೆ ಮರಳಿನಲ್ಲಿ ಕಡಲೆಕಾಯಿ ಬೀಜ ಹುರಿಯುತ್ತಿದ್ದ. ಅವರು ಗಾಡಿಗಳ ಮಧ್ಯೆ ಕೈ ಅಡ್ಡ ಹಿಡಿದು ಓಡಿದರು. ಅವನು ತೂಗಿ ಸುರಿದು ಕೊಟ್ಟ. ತಕ್ಕಡಿ ವಾಲಿತ್ತೋ ಸರಿಯಿತ್ತೋ, ಜೀವಮಾನದಲ್ಲಿ ಮೊದಲ ಸಲ ಅವರು ಅದರತ್ತ ನೋಡಲಿಲ್ಲ. ಹೆಂಡತಿ ಪೊಟ್ಟಣ ಇಸಿದುಕೊಂಡು, ಬಿಸಿ ಬೀಜ ಒಂದನ್ನು ಬಾಯಿಗೆ ಹಾಕಿ, ಹೆದರುತ್ತ ಬಲಗಡೆ ಕಡಿದಳು. ನಿಂತಳು. ಇನ್ನೊಂದು ಕಡಿದಳು. ಅವರು ಕೈ ಚಾಚಿದರು. ಅವಳು ಎಣಿಸಿದಂತೆ ಮಾಡಿ ಅಂಗೈಗೆ ನಾಲ್ಕು ಹಾಕಿ, ‘ಸಾಕು ನಿಮಗೆ’ ಎಂದು ಪೊಟ್ಟಣವನ್ನು ಆಚೆ ಕೈಗೆ ದಾಟಿಸಿಕೊಂಡಳು. ಮನೆ ಮುಟ್ಟುವ ತನಕ ಅವಳು ಒಂದೇ ಸಮ ಕಟುಂ ಕಟುಂ ಎನ್ನಿಸುತ್ತಲೇ ಇದ್ದಳು. ಅವರು ಒಂದು ಶಬ್ದವೂ ತಪ್ಪಿಹೋಗದಂತೆ ಕಿವಿಗೊಟ್ಟು, ಪಕ್ಕದಲ್ಲಿ ನಡೆದರು.